ದೀಪದ ಮಿಟುಕು ಎಣಿಸುವ ಕೆಲಸ

ಬೆಳಿಗ್ಗೆ ಆರಕ್ಕೆ ಚಹಾ, ಅದು ಮುಗಿದ ಮೇಲೆ ಅಂಗಳದ ಕುರ್ಚಿ. ನಾನು ಸೈನ್ಯ ಬಿಟ್ಟು ಎಷ್ಟೋ ವರ್ಷಗಳಾದವು, ಈ ಕ್ರಮ ಮಾತ್ರ ನನ್ನನ್ನು ಬಿಟ್ಟಿಲ್ಲ. ಇವತ್ತು ಹಾಗೆ ಕೂತಿದ್ದಾಗ ಓಣಿಯಲ್ಲಿ ಯಾರದೋ ಹಳೆಯ ವ್ಯಾನು ಹಾದುಹೋಯಿತು. ಅದರ ಹಿಂದೆಯೇ ಸರಿಯಾಗಿ ಉರಿಯದ ಪೆಟ್ರೋಲಿನ ಕಮಟು ವಾಸನೆ. ಹಿಂದೆ ಆಗಿದ್ದರೆ ಓಡಿಹೋಗಿ ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದೆ. ಈಗ ಮೂಗಿಗೆ ಎಲ್ಲ ತಿಳಿಯುತ್ತದೆ, ಕಾಲು ಏಳುವುದಿಲ್ಲ. ದಣಿವೆಂದರೆ ಇದೇ ಇರಬೇಕು.

ಗದಗ ಹೊಸ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದಾಗ ನಾನು ಬೆಟಗೇರಿಯಲ್ಲಿ ಸಣ್ಣ ಗ್ಯಾರೇಜು ತೆರೆದೆ. ಎಂಜಿನ್ನಿನೊಳಗೆ ಕಂಪ್ಯೂಟರು ಕೂತಿದ್ದ ಗಾಡಿಗಳು ಆಗಷ್ಟೇ ನಮ್ಮ ಕಡೆ ಬರತೊಡಗಿದ್ದವು. ಏನಾದರೂ ಕೆಟ್ಟರೆ ಸ್ಟೇರಿಂಗಿನ ಮುಂದೆ ಒಂದು ಹಳದಿ ದೀಪ ಹತ್ತುತ್ತಿತ್ತು. ಏನು ಕೆಟ್ಟಿದೆ ಎಂದು ಓದುವ ಯಂತ್ರ ನಮ್ಮಂಥವರ ಬಳಿ ಎಲ್ಲಿಂದ ಬರಬೇಕು? ನಮ್ಮದು ಒಂದು ಗೇಣು ವಾಯರು. ಬಾನೆಟ್ಟಿನ ಕೆಳಗೆ ಪುಟ್ಟ ಡಬ್ಬಿಯಲ್ಲಿ ಎರಡು ತೂತು ಇರುತ್ತವೆ; ಚಾವಿ ತಿರುಗಿಸಿ, ಎಂಜಿನ್ ಚಾಲೂ ಮಾಡದೆ, ಆ ಎರಡನ್ನೂ ವಾಯರಿನಿಂದ ಜೋಡಿಸಿದರೆ ಹಳದಿ ದೀಪ ಮಿಟುಕತೊಡಗುತ್ತದೆ. ಮೊದಲು ಹತ್ತರ ಸ್ಥಾನ, ಸ್ವಲ್ಪ ಬಿಡುವು, ಆಮೇಲೆ ಬಿಡಿಯ ಸ್ಥಾನ. ಎಣಿಸಿದರೆ ರೋಗದ ನಂಬರು. ನಾನು ಬಾನೆಟ್ಟಿನ ಮುಂದೆ ನಿಂತಿರುವುದರಿಂದ ಒಳಗೆ ಕೂತು ಎಣಿಸಲು ಇನ್ನೊಬ್ಬರು ಬೇಕು. ನನ್ನ ಹೆಂಡತಿಯನ್ನು ಒಮ್ಮೆ ಕೂಡಿಸಿದ್ದೆ. "ಪರೇಡ್ ಮಾಡಿಸಿದಂಗ ಮಾಡ್ತೀರಿ, ನಾ ಒಲ್ಲೆ" ಎಂದು ಇಳಿದು ಹೋದಳು.

ನಮ್ಮ ಜನಕ್ಕೆ ಆ ದೀಪ ಕಂಡರೆ ಮರ್ಯಾದೆ ಹೋದಷ್ಟು ಸಂಕಟ. ಗ್ಯಾರೇಜಿಗೆ ಬರುವ ಮುಂಚೆ ಬ್ಯಾಟರಿಯ ವಾಯರು ಕಿತ್ತು ಮತ್ತೆ ಹಾಕಿ ದೀಪ ಆರಿಸಿಕೊಂಡು ಬರುತ್ತಿದ್ದರು. ಅದರೊಂದಿಗೆ ಕಂಪ್ಯೂಟರಿನ ನೆನಪೂ ಅಳಿಸಿಹೋಗುತ್ತಿತ್ತು. ಡಾಕ್ಟರ ಮುಂದೆ ಕೂತು ಬಾಯಿ ಬಿಗಿಹಿಡಿದಂತೆ.

ಒಂದು ದಿನ ಮಗಳೊಂದಿಗೆ ವ್ಯಾನು ತಂದ ಲಕ್ಷ್ಮೇಶ್ವರದ ದಾವಲಸಾಬ ಅದನ್ನೂ ಮಾಡಿ ನೋಡಿದ್ದ. ದೀಪ ಆರಿ, ಮುಳಗುಂದ ದಾಟುವುದರೊಳಗೆ ಮತ್ತೆ ಹತ್ತಿತ್ತು. ಮಗಳು ಹಸೀನಾಳನ್ನು ಮುಂಡರಗಿಯ ಬಳೆ ವ್ಯಾಪಾರಿ ಮೌಲಾಸಾಬರ ಮಗನಿಗೆ ಕೊಡುವ ಮಾತಾಗಿತ್ತು. ಈ ವ್ಯಾನು ಅಳಿಯನ ವ್ಯಾಪಾರಕ್ಕೆಂದು ಇವನು ಕೊಡಲಿದ್ದ ಉಡುಗೊರೆ. ಮದುವೆಯ ದಿನ ಗೊತ್ತುಮಾಡಲು ಮೌಲಾಸಾಬರು ಅಂದೇ ಗದಗಿಗೆ ಬಸ್ಸಿನಲ್ಲಿ ಬರುವವರಿದ್ದರು. ಅಪ್ಪ ಮಗಳು ಅವರನ್ನು ಈ ವ್ಯಾನಿನಲ್ಲೇ ಊರಿಗೆ ಕರೆದೊಯ್ಯಬೇಕು. ಹಸೀನಾಳ ಒಂದು ಸಂಬಂಧ ಅದಾಗಲೇ ಮುರಿದಿತ್ತು.

"ಮಿಲ್ಟ್ರಿ ಸಾಹೇಬ್ರ, ಬಲ್ಬ್ ಅಷ್ಟ ತಗದ ಬಿಡ್ರಿ" ಎಂದ.

"ಬಲ್ಬ್ ತಗದ್ರ ರೋಗ ಹೋಗತೈತೇನು?"

"ರೋಗ ಇರ್ಲಿ ಬಿಡ್ರಿ, ಬೀಗರಿಗೆ ಕಾಣಬಾರ್ದು. ಗುಜರಿ ಗಾಡಿ ಕಟ್ಟಾಕ ಬಂದಾನ ಅಂದ್ರ? ಇದೂ ಮುರಿದ್ರ ನಾ ಎಲ್ಲಿ ಮುಖ ತೋರಸ್ಲಿ?"

ಮೊದಲು ಓದುವುದು, ಆಮೇಲೆ ಮಾತು. ಅದು ನನ್ನ ನಿಯಮ. ದಾವಲಸಾಬನ ಕಣ್ಣು ರಸ್ತೆಯ ಮೇಲೇ ಇದ್ದುದರಿಂದ ಹಸೀನಾ ಡ್ರೈವರ್ ಸೀಟಿನಲ್ಲಿ ಕೂತಳು. ನಾನು ವಾಯರು ಹಚ್ಚಿದೆ.

"ಒಂದು... ಆರಿತ್ರಿ... ಒಂದು, ಎರಡು, ಮೂರು, ನಾಕು" ಎಂದು ಕೂಗಿದಳು. ಮತ್ತೆ ಅದೇ. ಮತ್ತೆ ಅದೇ. "ಹೇಳಿದ್ದನ್ನ ಹೇಳಾಕತ್ತೈತಿ ರೀ, ಥೇಟ್ ನಮ್ಮ ಅಜ್ಜಿ!"

ಹದಿನಾಲ್ಕು. ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರು ಸತ್ತಿತ್ತು. ಬಿರುಬೇಸಿಗೆಯಲ್ಲೂ ತನಗೆ ಚಳಿಯೆಂದು ತಿಳಿದ ಎಂಜಿನ್ನು ಪೆಟ್ರೋಲು ಕುಡಿಯುತ್ತಲೇ ಇತ್ತು. ದೊಡ್ಡ ರೋಗವಲ್ಲ, ಆದರೆ ಸಾಮಾನು ಹುಬ್ಬಳ್ಳಿಯಿಂದ ಬರಬೇಕು. ಅದನ್ನು ಹೇಳಿ ಮುಗಿಸುವುದರೊಳಗೆ ಮೌಲಾಸಾಬರೇ ಬಾಗಿಲಲ್ಲಿ ನಿಂತಿದ್ದರು. ಬಸ್ಸು ಬೇಗ ಬಂದಿತ್ತು. ಸ್ಟ್ಯಾಂಡಿನಲ್ಲಿ ಯಾರೂ ಕಾಣದೆ, ದಾವಲಸಾಬನ ವ್ಯಾನು ಕಂಡಿರಾ ಎಂದು ಕೇಳಿಕೊಂಡು ನಡೆದೇ ಬಂದಿದ್ದರು.

"ಏನ್ ಎಣಸಾಕತ್ತೀಯವಾ?" ಎಂದು ಹಸೀನಾಳನ್ನು ಕೇಳಿದರು.

"ಏನಿಲ್ಲ ಬರ್ರಿ, ಸುಮ್ನ ಆಯಿಲ್ ನೋಡಾಕ..." ಎಂದು ದಾವಲಸಾಬ ನಡುವೆ ಬಂದ.

"ಗಾಡಿಗೆ ಸಣ್ಣ ರೋಗ ಐತ್ರಿ ಚಾಚಾ" ಎಂದಳು ಹಸೀನಾ. "ಒಂದು ಸಾಮಾನು ಬದಲಿ ಮಾಡ್ಬೇಕಂತ. ದೀಪಾ ಮುಚ್ಚಿ ನಿಮಗ ಕೊಡೂದು ನನಗ ಬ್ಯಾಡನಸ್ತು."

ಮೌಲಾಸಾಬರು ಅಲ್ಲೇ ಇದ್ದ ಟೈರಿನ ಮೇಲೆ ಕೂತು, ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡರು. ಆಯಿತು, ಮುರಿಯಿತು ಎಂದುಕೊಂಡೆ.

"ವ್ಯಾನ್ ಬ್ಯಾಡ್ರಿ ದಾವಲಸಾಬ್ರ" ಎಂದರು ಕೊನೆಗೆ. "ನೀವು ಕೊಡ್ತೀನಿ ಅಂದಾಗನ ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ. ನನ್ನ ಮಗ ಗಾಡಿ ಹೊಡಿಯಂಗಿಲ್ರಿ. ಸಣ್ಣಾಂವ ಇದ್ದಾಗಿಂದ ಫಿಟ್ಸ್ ಅದಾವ."

ವಾಯರನ್ನು ನಾನು ಇನ್ನೂ ಆ ತೂತುಗಳಲ್ಲಿ ಒತ್ತಿ ಹಿಡಿದೇ ಇದ್ದೆ. ಒಳಗೆ ದೀಪ ಮಿಟುಕುತ್ತಲೇ ಇತ್ತು.

ಹಸೀನಾ ಸೀಟಿನಿಂದ ಇಳಿಯಲಿಲ್ಲ. "ಗುಳಿಗಿ ತಾನ ತಗೋತಾರೋ, ಯಾರರ ನೆನಪು ಮಾಡ್ಬೇಕೋ?" ಎಂದಳು.

"ತಾನ ತಗೋತಾನವಾ. ಒಂದಿನಾನೂ ತಪ್ಪಿಸಿಲ್ಲ. ಫಿಟ್ಸ್ ಬಂದು ಭಾಳ ದಿನ ಆತು."

ಅವಳು ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟಳು. ಅಪ್ಪ ಬಾಯಿ ತೆರೆಯುವ ಮುಂಚೆಯೇ ಹೇಳಿದಳು: "ಅಬ್ಬಾ, ವ್ಯಾನ್ ಕೊಡು. ನಾ ಹೊಡೀತೀನಿ."

"ಅಯ್ಯ, ನಿನಗ ಸೈಕಲ್ಲೂ ಬರಂಗಿಲ್ಲಲ್ಲಲೇ!" ಎಂದ ದಾವಲಸಾಬ. ಮೌಲಾಸಾಬರು ನಗುತ್ತ ಕಣ್ಣೊರೆಸಿಕೊಂಡರು.

ಮದುವೆಯಾಯಿತು, ಹಸೀನಾ ಗಾಡಿ ಹೊಡೆಯಲೂ ಕಲಿತಳು. ಶಿರಹಟ್ಟಿ, ಲಕ್ಷ್ಮೇಶ್ವರದ ಸಂತೆಗಳಿಗೆ ಬಳೆ ಹೊತ್ತು ಹೋಗುವ ವ್ಯಾನು ಎಷ್ಟೋ ವರ್ಷ ಅವಳ ಕೈಯಲ್ಲೇ ಓಡಿತು. ಒಮ್ಮೆ ಮುಂಡರಗಿಯ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಹಸೀನಾಳ ಗಂಡ ನನ್ನೆದುರೇ ಜೇಬಿನಿಂದ ಗುಳಿಗೆ ತೆಗೆದು ನುಂಗಿ, ನೀರು ಕುಡಿದು, ರೊಟ್ಟಿ ಮುರಿದ. ಯಾರೂ ಅವನತ್ತ ತಿರುಗಿಯೂ ನೋಡಲಿಲ್ಲ.

ಇಷ್ಟರಲ್ಲಿ ಓಣಿಯಲ್ಲಿ ಪೆಟ್ರೋಲಿನ ವಾಸನೆ ಕರಗಿತು. ನನ್ನ ಅಂಗಿಯ ಜೇಬಿನಲ್ಲೂ ಒಂದು ಗುಳಿಗೆಯ ಹಾಳೆ ಇದೆ. ಗುಂಡಿಗೆ ಸರಿಯಿಲ್ಲವೆಂದು ಡಾಕ್ಟರು ಹೇಳಿ ಬೇಸಿಗೆ, ಮಳೆಗಾಲ ಎರಡೂ ಕಳೆದವು. ದಿನವೂ ಹೊತ್ತಿಗೆ ಸರಿಯಾಗಿ, ಬಚ್ಚಲಿನ ಬಾಗಿಲು ಹಾಕಿಕೊಂಡು ನುಂಗುತ್ತ ಬಂದಿದ್ದೇನೆ. ಏದುಸಿರು ಬಂದರೆ ವಯಸ್ಸಾಯಿತು ಅನ್ನುತ್ತೇನೆ, ಹೆಂಡತಿ ನಂಬುತ್ತಾಳೆ.

ಹೆಂಡತಿ ಖಾಲಿ ಬಟ್ಟಲು ಒಯ್ಯಲು ಬಂದಳು. ನೀರು ಕೇಳಿದೆ. ತಂದು ಕೊಟ್ಟಳು. ಹಾಳೆ ತೆಗೆದು, ಅವಳ ಎದುರೇ ಗುಳಿಗೆ ಒತ್ತಿ ತೆಗೆದು ನುಂಗಿದೆ.

"ಇವು ಯಾವಾಗಿಂದ್ರೀ?"

"ಕುಂಡ್ರು, ಹೇಳ್ತೀನಿ" ಎಂದೆ.

ಬೈಯುತ್ತಾಳೆಂದು ಕಾದೆ. ಅವಳು ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಹೆಸರು ಓದಲು ತನ್ನ ಕನ್ನಡಕ ಹುಡುಕತೊಡಗಿದಳು.