ಹಿಂದಿನ ಸೀಟಿಗೆ ಯಾವ ಊರಿನ ಕಾನೂನು?

"ಬನ್ನಿ ಅಕ್ಕಾ, ಪೀಣ್ಯಕ್ಕೆ ಬಿಡ್ತೀನಿ" ಎಂದು ಮೋಟರ್‌ಸೈಕಲ್ಲಿನ ಹಿಂದಿನ ಸೀಟು ತಟ್ಟಿದೆ, ಅಷ್ಟೇ. ನಾಗಸಂದ್ರದಲ್ಲಿ ಬಸ್ಸು ತಪ್ಪಿಸಿಕೊಂಡು ನಿಂತಿದ್ದ ಆ ಹೆಂಗಸು ಹಾವು ಕಂಡವರಂತೆ ಹಿಂದೆ ಸರಿದರು. "ಯಾರ್ರೀ ನೀವು? ಮಾನ ಮರ್ಯಾದೆ ಇಲ್ವಾ?" ಎಂದು ಕೂಗಿದರು. ನನ್ನ ತಪ್ಪೇನೆಂದು ತಿಳಿಯುವ ಮೊದಲೇ ಯಾರೋ ಒಬ್ಬ ನನ್ನ ಕೊರಳಪಟ್ಟಿ ಹಿಡಿದಿದ್ದ.

ಮಡಗಾಂವಿನ ಕನ್ನಡ ಬಂಧುಗಳೇ, ನೀವು ನಂಬಲಿಕ್ಕಿಲ್ಲ. ಬಾಡಿಗೆಗೆ ಒಬ್ಬರನ್ನು ಹಿಂದೆ ಕೂರಿಸಿಕೊಂಡು ಹೋಗುವ ಮೋಟರ್‌ಸೈಕಲ್ಲಿನವನನ್ನು ಗೋವಾದಲ್ಲಿ ನಾವು ಪೈಲಟ್ ಎನ್ನುವುದು ನಿಮಗೆ ಗೊತ್ತೇ ಇದೆ. ಅವನಿಗೆ ಸರ್ಕಾರದ ಪರವಾನಗಿಯೂ ಉಂಟು. ಶಾಲೆಯ ಟೀಚರಮ್ಮ, ಮೀನಿನ ಬುಟ್ಟಿಯವಳು, ಭಾನುವಾರದ ಪ್ರಾರ್ಥನೆಗೆ ಇಗರ್ಜಿಗೆ ಹೊರಟ ಅಜ್ಜಿ, ಎಲ್ಲರೂ ನನ್ನ ಹಿಂದೆ ಕೂತವರೇ. ಹೆಂಡತಿ ಶಾರದೆಗೆ ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತೆಂದು ಗಾಡಿಯ ಸಮೇತ ಇಲ್ಲಿಗೆ ಬಂದೆ. ಕಾರ್ಖಾನೆ ಜಾಸ್ತಿ, ಬಸ್ಸು ಕಡಿಮೆ. ಗಿರಾಕಿಗಳಿಗೆ ಬರವಿಲ್ಲ ಎಂದುಕೊಂಡಿದ್ದೆ.

ಟ್ರಾಫಿಕ್ ಪೇದೆಯೊಬ್ಬರು ಬಂದು ನನ್ನನ್ನು ಬಿಡಿಸಿದರು. ಕಾಗದಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸೀಲೆಲ್ಲ ಸರಿಯಾಗೇ ಇದೆ. ಗಾಡಿ ಓಡ್ಸಕ್ಕೆ ನಿಮ್ ಲೈಸೆನ್ಸ್ ಇಲ್ಲೂ ನಡಿಯತ್ತೆ. ಬಾಡಿಗೆಗೆ ಜನ ಕೂರಿಸ್ಕೊಳ್ಳೋದು ಮಾತ್ರ ಇಲ್ಲಿಲ್ಲ ಕಣ್ರೀ. ಇನ್ನೊಂದ್ಸಲ ಕಂಡ್ರೆ ಗಾಡಿ ಸ್ಟೇಷನ್ನಿಗೆ ಹೋಗತ್ತೆ."

ಅದೇ ದೇಶ, ಅದೇ ಗಾಡಿ, ಅದೇ ನಾನು. ಒಂದು ಗಡಿ ದಾಟಿದ್ದಕ್ಕೆ ಹತ್ತು ವರ್ಷದ ಹೊಟ್ಟೆಪಾಡು ಅಪರಾಧವಾಗಿಬಿಡುವುದೇ?

ಹದಿನೈದು ದಿನ ಮಾಕಳಿಯ ಬಾಡಿಗೆ ಮನೆಯಲ್ಲಿ ಸುಮ್ಮನೆ ಕೂತೆ. ಬೆಳಿಗ್ಗೆ ಶಾರದೆ ಊಟದ ಡಬ್ಬಿ ಹಿಡಿದು ಹೊರಟರೆ ಮುಖ ಎತ್ತಲು ನಾಚಿಕೆ. ಇಲ್ಲಿಯವರು ಮುದ್ದೆಯನ್ನು ಅಗಿಯದೆ ನುಂಗುತ್ತಾರೆ. ನನಗೆ ಮುದ್ದೆಯೂ ಇಳಿಯಲಿಲ್ಲ, ಅವಮಾನವೂ ಇಳಿಯಲಿಲ್ಲ. ಕೊನೆಗೆ ದೇಶಕ್ಕೆಲ್ಲ ಒಂದೇ ಸಾರಿಗೆ ಕಾನೂನು ಇರಬೇಕೆಂದು ದೆಹಲಿಯ ಮಂತ್ರಿಗಳಿಗೆ ಎರಡು ಪುಟದ ಅರ್ಜಿ ಬರೆದೆ.

ಮನೆಯ ಮಾಲೀಕರು ಮುನಿಯಪ್ಪನವರು, ಹೊಲದ ಅಂಚಿನಲ್ಲಿ ನಾಲ್ಕು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟ ರೈತರು. ಅರ್ಜಿಯನ್ನು ನನ್ನಿಂದಲೇ ಓದಿಸಿ ಕೇಳಿದರು.

"ಚೆನ್ನಾಗ್ ಬರ್ದಿದ್ದೀಯ ಕಣಪ್ಪ. ಅಂಗಾದ್ರೆ ಒಂದೇ ಕಾನೂನು ಅಂದ್ರೆ ಯಾವ್ದು? ನಿಮ್ಮೂರಿಂದು ಇಲ್ಲಿಗ್ ಬತ್ತದೋ, ಇಲ್ಲಿದು ನಿಮ್ಮೂರಿಗ್ ಓಯ್ತದೋ?"

ಇಷ್ಟು ಸಣ್ಣ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನಾನು ಬಿಟ್ಟುಬಂದ ಸ್ಟ್ಯಾಂಡಿನಲ್ಲಿ ಈಗ ನನ್ನ ತಮ್ಮ ಗಣಪತಿ ಪೈಲಟ್. ಅವನ ಮೂರು ಮಕ್ಕಳು ಉಣ್ಣುವುದು ಅದರಿಂದಲೇ. ಇಷ್ಟು ದೊಡ್ಡ ದೇಶ ನಮ್ಮ ಪುಟ್ಟ ಗೋವಾದ ದಾರಿಗೆ ಬರುತ್ತದೆಯೇ? ಅರ್ಜಿಯನ್ನು ಅಲ್ಲೇ ಹರಿದು ಹಾಕಿದೆ.

ಈಗ ಪೀಣ್ಯದಲ್ಲಿ ಸಾಮಾನಿನ ಟೆಂಪೊ ಓಡಿಸುತ್ತೇನೆ. ಮೊನ್ನೆ ಗಣಪತಿಯ ಕಾಗದ ಬಂತು: "ಅಣ್ಣಾ, ಬೆಂಗಳೂರಿನಲ್ಲಿ ಗಿರಾಕಿ ಜೋರಂತೆ. ನಾನೂ ಬರಲಾ?" ಬರಬೇಡ ಎಂದು ಬರೆದೆ. ಹಾಗಾದರೆ ನಾನೇ ವಾಪಸ್ ಬರಲೇ ಎಂದು ಕೇಳುವ ಆಸೆಯಾಯಿತು. ಕೇಳಿದರೆ ಅವನು ಮರುಮಾತಿಲ್ಲದೆ ಜಾಗ ಬಿಟ್ಟುಕೊಡುತ್ತಾನೆ. ಅದಕ್ಕೇ ಕೇಳಲಿಲ್ಲ.