ಕತ್ತಿ ಬಿದ್ದವನ ಪಾಳಿ

ಮಸ್ಕಿಯ ಗುಜರಿಯಲ್ಲಿ ಸಿಕ್ಕ ಹಳೇ ಟಿವಿ ಗೇಮನ್ನು ನನ್ನ ದೊಡ್ಡಪ್ಪನ ಮಗ, ಅಣ್ಣ, ಬಿಚ್ಚಿ, ತಂತಿ ಬೆಸೆದು, ಜೀವ ಬರಿಸಿ ನನಗೆ ಫೋನ್ ಮಾಡಿದ. ಸಿಂಧನೂರಿನಲ್ಲಿ ಅವನದು ವೆಲ್ಡಿಂಗ್ ಅಂಗಡಿ; ಗದ್ದೆಗಿಳಿಯುವ ಟ್ರ್ಯಾಕ್ಟರುಗಳಿಗೆ ಕಬ್ಬಿಣದ ಗಾಲಿ ಮಾಡುತ್ತಾನೆ. ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದ ಮೊದಲಿಗ ನಾನೇ. ಇದನ್ನು ಎಲ್ಲ ಕಡೆ ಹೇಳಿಕೊಳ್ಳುತ್ತೇನೆ, ಇಲ್ಲೂ ಹೇಳಿದೆ.

“ನಮ್ ಕತ್ತಿ ಆಟ ಸಿಕ್ಕೈತಲೇ, ಬಾ,” ಎಂದ. ಭಾನುವಾರದ ಮೊದಲ ಬಸ್ಸಿಗೇ ಹೊರಟೆ.

ನಾವು ಹುಡುಗರಾಗಿದ್ದಾಗ ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ವಿಡಿಯೋ ಗೇಮಿನ ಅಂಗಡಿ ಇತ್ತು. ಎಲ್ಲರೂ ಗುದ್ದಾಟದ ಆಟಕ್ಕೇ ಮುಗಿಬೀಳುತ್ತಿದ್ದರು. ಮೂಲೆಯಲ್ಲಿದ್ದ ಕತ್ತಿ, ಭರ್ಜಿಗಳ ಆಟ ಯಾರಿಗೂ ಬೇಡವಾಗಿತ್ತು. ಅದರ ಪರದೆಯ ತುಂಬ ಜಪಾನಿ ಅಕ್ಷರ. ಯಾರಿಗೂ ಬೇಡವಾದದ್ದಕ್ಕೇ ಅದು ನಮ್ಮದಾಯಿತು. ಅಣ್ಣ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು, ಕಲಿತ ನಾಲ್ಕಕ್ಷರವನ್ನೂ ಮರೆತವನು. ಅವನ ಲೆಕ್ಕದಲ್ಲಿ ಕನ್ನಡವಲ್ಲದ್ದೆಲ್ಲ ಇಂಗ್ಲಿಷು. ಪರದೆಯ ಮೇಲೆ ಏನು ಮೂಡಿದರೂ “ಏನ್ ಬರದೈತಿ, ಓದು” ಅನ್ನುತ್ತಿದ್ದ. ಶಾಲೆಗೆ ಹೋಗುವವನು ‘ಗೊತ್ತಿಲ್ಲ’ ಅನ್ನಬಾರದೆಂಬ ಹಮ್ಮು ನನಗೆ. ಓದಿಬಿಡುತ್ತಿದ್ದೆ.

ಜೋರಾದ ಹೊಡೆತ ಬಿದ್ದರೆ ಆ ಆಟದಲ್ಲಿ ಕೈಯ ಆಯುಧ ಹಾರಿ ದೂರ ಬೀಳುತ್ತದೆ. ಅಣ್ಣನದು ಹಿಂದೆಮುಂದೆ ನೋಡದೆ ನುಗ್ಗುವ ಸ್ವಭಾವ, ಹಾಗಾಗಿ ಅವನ ಕತ್ತಿಯೇ ಹೆಚ್ಚು ಬೀಳುತ್ತಿತ್ತು. ಒಮ್ಮೆ ಹಾಗೆ ಬಿದ್ದಾಗ ಎರಡು ಸಾಲು ಅಕ್ಷರ ಮೂಡಿತು. ‘ಕತ್ತಿ ಬಿಟ್ಟವನು ಕೈಮುಗಿದು ಪಾಳಿ ಬಿಡಬೇಕು’ ಎಂದು ಗಂಭೀರವಾಗಿ ಓದಿದೆ. ಅವನು ಕೈಮುಗಿದು ಪಕ್ಕಕ್ಕೆ ಸರಿದು ನಿಂತ. ನನ್ನ ಕತ್ತಿ ಬಿದ್ದ ದಿನ ಅದೇ ಅಕ್ಷರಗಳನ್ನು ‘ಸಣ್ಣವರಿಗೆ ಮಾಫಿ’ ಎಂದು ಓದಿದೆ.

ಈಗ ವೆಲ್ಡಿಂಗ್ ಅಂಗಡಿಯ ಹಿಂದಿನ ಅವನ ಮನೆಯಲ್ಲಿ ಅವನೂ ಅತ್ತಿಗೆಯೂ ಆಡುತ್ತಿದ್ದರು. ಅವನ ಕತ್ತಿ ಹಾರಿತು. ನಲವತ್ತು ದಾಟಿದ, ತೋಳಿನ ತುಂಬ ಕಿಡಿ ಸಿಡಿದ ಕಲೆಗಳಿರುವ ಆ ಮನುಷ್ಯ ರಿಮೋಟ್ ಕೆಳಗಿಟ್ಟು ಟಿವಿಗೆ ಕೈಮುಗಿದ. ನಾನು ನಗು ಬಂದದ್ದನ್ನು ಕೆಮ್ಮಾಗಿ ತಿರುಗಿಸಿದೆ.

ಇದೇನು ಪೂಜೆ ಎಂದು ಅತ್ತಿಗೆ ಕೇಳಿದಳು.

“ಕಾಯ್ದೆ ಐತಿ. ತಮ್ಮ ಓದಿ ಹೇಳ್ಯಾನ. ಎಂ.ಎ. ಆಗ್ಯಾನ, ಅವ ಓದಿದ್ದು ಸುಳ್ಳಾಕ್ಕೈತೇನು?”

ಅತ್ತಿಗೆ ಅವನ ರಿಮೋಟನ್ನೂ ಎತ್ತಿಕೊಂಡು ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದಳು. ಕತ್ತಿ ಕಳೆದುಕೊಂಡ ಆಳು ಎದುರಾಳಿಯ ಕತ್ತಿಯನ್ನು ಎರಡು ಅಂಗೈಗಳ ನಡುವೆ ಹಿಡಿದು, ಅವನನ್ನೇ ಎತ್ತಿ ಒಗೆದ.

“ಇವ ಬರಿಗೈಲೇ ಬಡದಾಡಾಕತ್ತಾನಲ್ರೀ ಮಾಸ್ತರ,” ಎಂದಳು.

ಇದು ಬೇರೆ ಕಂಪನಿಯ ಆಟ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ ಇನ್ನೊಂದು ಮಾತು ತೆಗೆದಳು: “ಹಂಗಾದ್ರ ಹೊಲದ ಪಹಣಿ ಓದಿದ್ದು?”

ನಗು ಇಂಗಿಹೋಯಿತು. ಆ ಮನೆಗೆ ಬರುವ ಕಾಗದವನ್ನೆಲ್ಲ ಓದುವವನು ನಾನೇ. ನಾನು ತೋರಿಸಿದ ಕಡೆ ಅಣ್ಣ ಹೆಬ್ಬೆಟ್ಟು ಒತ್ತಿದ್ದಾನೆ. ಅವುಗಳಲ್ಲಿ ಒಂದನ್ನೂ ನಾನು ತಪ್ಪು ಓದಿಲ್ಲ. ಆದರೆ ಈಗ ಇನ್ನೊಂದು ಸುಳ್ಳು ಹೇಳಿದರೆ ಕಾಗದ ಸರಿಯಾಗಿ ಓದಿದ್ದೇನೆಂಬ ಮಾತನ್ನು ಯಾರು ನಂಬಬೇಕು?

“ಅಣ್ಣಾ, ಆ ಅಕ್ಷರ ನನಗ ಆಗೂ ಬರತಿದ್ದಿಲ್ಲ, ಈಗೂ ಬರಂಗಿಲ್ಲ. ಕಾಯ್ದೆ ನಾನೇ ಹುಟ್ಟಿಸಿದ್ದು.”

ಅವನು ಪರದೆ ಬಿಟ್ಟು ನನ್ನ ಕಡೆ ತಿರುಗಿದ. “ಸಣ್ಣವರಿಗೆ ಮಾಫಿ?” ಎಂದ.

“ಅದೂ.”

ಅಣ್ಣ ಎದ್ದುಹೋಗಿ ಅಲಮಾರಿಯಿಂದ ಕಾಗದಗಳ ಪ್ಲಾಸ್ಟಿಕ್ ಚೀಲ ತಂದು ನನ್ನ ತೊಡೆಯ ಮೇಲಿಟ್ಟ. “ಎಲ್ಲಾ ಮತ್ತೊಮ್ಮೆ ಓದು. ಬೆರಳಿಟ್ಟು ಓದು.”

ಕಿಟಕಿಯ ಬೆಳಕಿಗೆ ಕೂತು, ಒಂದನೇ ಕ್ಲಾಸಿನ ಕೂಸಿನಂತೆ ಪದಪದಕ್ಕೂ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದೆ: ಸರ್ವೆ ನಂಬರು, ಎಕರೆ, ಗುಂಟೆ, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರದು. ನನ್ನ ಬೆನ್ನ ಹಿಂದೆ ಆಟ ಮತ್ತೆ ಶುರುವಾಯಿತು. ಕತ್ತಿ ಬಿದ್ದ ಸಪ್ಪಳ ಕೇಳಿತು. ಅಣ್ಣ ಈ ಸಲ ರಿಮೋಟ್ ಕೆಳಗಿಡಲಿಲ್ಲ. ಗುಂಡಿಗಳ ಟಕಟಕ ಇನ್ನೂ ಜೋರಾಯಿತು. ಅದರ ನಡುವೆಯೇ ಅವನ ದನಿ ಬಂತು.

“ನಿಂದ್ರು. ಗುಂಟೆ ಎಷ್ಟಂದಿ?”

ತನ್ನ ಹೊಲದ ಗುಂಟೆ ಅವನಿಗೆ ಬಾಯಿಪಾಠ. ನಾನು ಬೆರಳನ್ನು ಮತ್ತೆ ಆ ಸಾಲಿನ ಮೊದಲಿಗೆ ಒಯ್ದೆ.