ಜಮಖಾನ ತೊಳೆಯುವ ಕಟ್ಟೆ

ಲೆಪ್ಪರಾಂತ ಎಂಬ ಕಡಲತಡಿಯ ಬಡಾವಣೆಯ ಜನಕ್ಕೆ ದೇವರು ಬಾಯಿ ಕೊಟ್ಟಿದ್ದು ಕಾಫಿ ಕುಡಿಯಲಿಕ್ಕೆ ಮಾತ್ರ ಇರಬೇಕು. ಇಲ್ಲವಾದರೆ ಆ ಸಂಜೆ ಗ್ರಂಥಾಲಯದ ಸಭೆಯಲ್ಲಿ ಒಬ್ಬರಾದರೂ ಎದ್ದು ನಿಲ್ಲುತ್ತಿರಲಿಲ್ಲವೇ?

ಸಮುದ್ರದ ದಡದಲ್ಲಿ ಹಳೆಯ ಗೋದಾಮುಗಳನ್ನು ಕೆಡವಿ ಹೊಸ ಮನೆಗಳು ಏಳುತ್ತಿದ್ದವು. ಬಡಾವಣೆ ಹೇಗಿರಬೇಕು, ನೀವೇ ಹೇಳಿ ಎಂದು ನಗರಸಭೆ ಎಲ್ಲರನ್ನೂ ಕರೆದಿತ್ತು. ನಕ್ಷೆ ಹಿಡಿದು ಬಂದವಳು ಸಾನ್ನಿ ಎಂಬ ಯುವತಿ. ಅದರಲ್ಲಿ, ಬೇಸಿಗೆಯಲ್ಲಿ ಎಲ್ಲರೂ ಮನೆಯ ಜಮಖಾನ ತಂದು ತೊಳೆಯುವ ದಡದ ಕಟ್ಟೆಯ ಜಾಗದಲ್ಲಿ ದೋಣಿ ನಿಲ್ದಾಣ ಬರೆದಿತ್ತು.

ಸಭೆಯಲ್ಲಿ ಕೂತಿದ್ದ ಹಿಲ್ಕಾ ನಕ್ಷೆಯನ್ನು ಮತ್ತೊಮ್ಮೆ ನೋಡಿದಳು. ಟ್ರಾಮ್ ಓಡಿಸಿ ನಿವೃತ್ತಳಾದ ಈ ವಿಧವೆಗೆ ಬೇಸಿಗೆಯೆಂದರೆ ಆ ಕಟ್ಟೆಯೇ. ವಠಾರದ ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡಿಕೊಂಡು ಹೋಗುವ ಮಂದಿ, ಅಲ್ಲಿ ಪೈನ್ ಸಾಬೂನು ಹಚ್ಚಿ ಜಮಖಾನ ಉಜ್ಜುತ್ತಾ ಕೂತರೆ ಮಂಡಿನೋವಿನಿಂದ ಹಿಡಿದು ಮೊಮ್ಮಕ್ಕಳ ಮದುವೆಯವರೆಗೆ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಕಟ್ಟೆ ಹೋದರೆ ಅವಳಿಗೆ ಮಾತಾಡಲು ಮನುಷ್ಯರೇ ಇಲ್ಲ.

"ಯಾರಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದು ಸಾನ್ನಿ ಮತ್ತೆ ಮತ್ತೆ ಕೇಳಿದಳು. ಎಲ್ಲರೂ ಕಪ್ಪಿನ ತಳ ನೋಡಿದರು. ನಾಲ್ಕು ಜನರ ಮುಂದೆ ಎದ್ದು ಮಾತಾಡುವುದು ಇಲ್ಲಿ ಜಂಬದ ಲಕ್ಷಣ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಬೇರೆ ಯಾರಾದರೂ ಹೇಳಿಯಾರೆಂದು ಹಿಲ್ಕಾ ಕಾದಳು. ಹಾಗೆಯೇ ಎಲ್ಲರೂ ಕಾದರು, ಸಭೆ ಮುಗಿಯಿತು.

ಮಾರನೆಯ ದಿನ ಕಟ್ಟೆಯ ಮೇಲೆ ಅವರ ಆರ್ಭಟ ನೋಡಬೇಕಿತ್ತು!

"ದೋಣಿಯಂತೆ ದೋಣಿ! ಯಾರಪ್ಪನ ದೋಣಿ?" ಹಿಲ್ಕಾಳ ಎದುರು ಮನೆಯ ಎಸ್ಕೋ ಬ್ರಷ್ಷು ಕುಕ್ಕಿದ.

"ನಿನ್ನೆ ಬಾಯಲ್ಲೇನಿತ್ತು ಮಾರಾಯ, ಸಭೇಲಿ ಕೊಟ್ಟ ಏಲಕ್ಕಿ ಬನ್ನಾ?" ಎಂದಳು ಹಿಲ್ಕಾ.

"ನಿನ್ನ ಬಾಯಲ್ಲೇನಿತ್ತಮ್ಮಾ?"

ಅವಳು ಜಮಖಾನಕ್ಕೆ ಇನ್ನಷ್ಟು ಸಾಬೂನು ಹಚ್ಚಿದಳು. ಹಿಂದಿನಿಂದ ಯಾರೋ ನಕ್ಕರು. ದಡ ಅಳೆಯಲು ಬಂದಿದ್ದ ಸಾನ್ನಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಲ್ರೀ, ಇದನ್ನೇ ನಿನ್ನೆ ಹೇಳಿದ್ರೆ ಏನಾಗ್ತಿತ್ತು?"

"ಎಲ್ಲರಿಗೂ ಗೊತ್ತಿರೋದನ್ನ ಏನಂತ ಹೇಳೋದು?" ಎಂದ ಎಸ್ಕೋ.

"ಸಭೇಲಿ ಆಡದ ಮಾತು ನಮ್ಮ ಲೆಕ್ಕಕ್ಕೆ ಬರಲ್ಲ. ಗುರುವಾರ ಕೊನೇ ಸಭೆ. ಒಬ್ರಾದ್ರೂ ಎದ್ದು ಹೇಳಿ, ನಿಮ್ಮ ದಮ್ಮಯ್ಯ."

ಎಲ್ಲರೂ ತಲೆ ತಗ್ಗಿಸಿ ಜೋರಾಗಿ ಉಜ್ಜತೊಡಗಿದರು.

ಗುರುವಾರ ಎದ್ದು ನಿಂತವಳು ಹಿಲ್ಕಾ. ಬಡಾವಣೆಯ ಹಳೆಯ ಕತೆ, ದಡದ ಅಂದ ಎಂದೆಲ್ಲ ಕನ್ನಡಿಯ ಮುಂದೆ ಉರು ಹೊಡೆದಿದ್ದಳು. ಒಂದೂ ನೆನಪಾಗಲಿಲ್ಲ.

"ಯಜಮಾನರು ಹೋದ್ಮೇಲೆ ನಾನು ಮಾತಾಡೋದು ಅಲ್ಲೊಂದೇ ಕಡೆ. ಮನೇಲಿ ರೇಡಿಯೋ ಬಿಟ್ರೆ ಯಾರ ದನೀನೂ ಇಲ್ಲ. ಕಟ್ಟೆ ತೆಗೀಬೇಡಿ."

ಕುಸಿದು ಕೂತಳು. ಎಲ್ಲರೂ ನೆಲ ನೋಡುತ್ತಿದ್ದರು. ಅಯ್ಯೋ, ನಾನು ಒಂಟಿ ಅಂತ ಊರಿಗೆಲ್ಲ ಡಂಗುರ ಸಾರಿಕೊಂಡೆನಲ್ಲ ಎಂದು ಅವಳಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಎಸ್ಕೋ ಎದ್ದಿದ್ದ. ಕೆಮ್ಮಿದ, ಟೋಪಿ ತೆಗೆದ.

"ನನ್ನ ಮನೇಲಿರೋದು ಒಂದೇ ಜಮಖಾನ. ಬೇಸಿಗೆಯೆಲ್ಲ ಅದನ್ನೇ ತೊಳೀತೀನಿ. ಅದರಲ್ಲಿ ಕೊಳೆ ಅನ್ನೋದೇ ಇಲ್ಲದೆ ವರ್ಷಗಳೇ ಆದ್ವು."

ಯಾರೂ ನಗಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಸಾನ್ನಿ ಪೆನ್ಸಿಲ್ ತೆಗೆದುಕೊಂಡು ನಕ್ಷೆಯ ದೋಣಿಗಳ ಮೇಲೆ ಗೀಟು ಎಳೆದಳು. ಹಿಲ್ಕಾ ಅದನ್ನು ನೋಡಲೇ ಇಲ್ಲ. ಇಷ್ಟು ವರ್ಷ ಎದುರು ಬಾಗಿಲಲ್ಲೇ ಇದ್ದ ಮನುಷ್ಯನನ್ನು ಕಣ್ತುಂಬ ನೀರಿಟ್ಟುಕೊಂಡು ನೋಡುತ್ತಿದ್ದಳು.